ಹಣತೆಯಲ್ಲಿ ಬೆಂದ ಕಡ್ಲೆಬೀಜದ ಟಾರ್ಟು

ನಮ್ಮತ್ತೆ ನನ್ನ ಕೈಯದು ಏನನ್ನೂ ತಿನ್ನುತ್ತಿರಲಿಲ್ಲ. ದೂರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಅವರು ಯಾರ ಕೈಯದನ್ನೂ ತಿನ್ನುತ್ತಿರಲಿಲ್ಲ. ಮಾವನವರು ತೀರಿಕೊಂಡ ಮೇಲೆ ಅವರದು ಸ್ವಯಂಪಾಕ. ಮಧ್ಯಾಹ್ನ ಮಡಿಯುಟ್ಟು ತಾವೇ ಬೇಯಿಸಿದ ಒಂದೇ ಊಟ, ರಾತ್ರಿಗೆ ಫಲಾಹಾರ. ಅವರು ಮಾಡಿದ ಅಡುಗೆಯನ್ನೇ ನಾನೂ ನನ್ನ ಗಂಡನೂ ಉಣ್ಣುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ತರಕಾರಿ ಹೆಚ್ಚುವುದು, ರುಬ್ಬುವುದು, ಎಲೆ ಹಾಕುವುದು. ಒಲೆಯ ಹತ್ತಿರ ನನಗೆ ಕೆಲಸವಿರಲಿಲ್ಲ.

ರಾತ್ರಿಯ ಫಲಾಹಾರಕ್ಕೆ ಮಾತ್ರ ಒಂದು ಸಡಿಲಿಕೆ ಇತ್ತು. ಮನೆಯವರು ಮಡಿಯಲ್ಲಿ ಮಾಡಿದ್ದಾದರೆ, ಹಾಲು ತುಪ್ಪದಲ್ಲೇ ಕಲಸಿದ್ದಾದರೆ, ಎಲ್ಲೂ ಒಂದು ಹನಿ ನೀರು ಸೋಕಿರದಿದ್ದರೆ ತಿನ್ನಬಹುದು. ನೀರು ಸೋಕಿತೋ, ಅದು ಮುಸುರೆ. ಇಷ್ಟು ಸಡಿಲಿಕೆ ಇದ್ದರೂ ಅತ್ತೆ ಅದನ್ನು ಬಳಸಿಕೊಂಡದ್ದು ನಾನು ಕಾಣೆ. ಒಂದು ಲೋಟ ಹಾಲು, ಎರಡು ಬಾಳೆಹಣ್ಣು, ಅಷ್ಟರಲ್ಲಿ ಅವರ ರಾತ್ರಿ ಮುಗಿಯುತ್ತಿತ್ತು. ಮದುವೆಯಾಗಿ ಮುಳಬಾಗಿಲಿಗೆ ಬಂದ ಮೊದಲ ವರ್ಷವೇ ನನಗೊಂದು ಹಟ ಹುಟ್ಟಿತು. ಇವರು ಒಂದು ಸಲವಾದರೂ ನಾನು ಮಾಡಿದ್ದನ್ನು ತಿನ್ನಬೇಕು. ಆ ಮನೆಯಲ್ಲಿ ನಾನು ಇದ್ದೇನೋ ಇಲ್ಲವೋ ಎನ್ನುವುದು ಆ ಒಂದು ತುತ್ತಿನ ಮೇಲೆ ನಿಂತಿದೆ ಎಂದು ನನಗೆ ಅನಿಸಿಬಿಟ್ಟಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹುಟ್ಟಿ ಬೆಳೆದದ್ದು ಚಿನ್ನದ ಗಣಿಯ ಊರಿನಲ್ಲಿ, ಕ್ವಾರ್ಟರ್ಸಿನಲ್ಲಿ. ಬಸ್ಸಿನಲ್ಲಿ ಕೂತರೆ ದೂರವೇನಲ್ಲ, ಆದರೆ ಮಡಿಯ ಲೆಕ್ಕದಲ್ಲಿ ಅದು ಬೇರೆ ದೇಶ. ಪಕ್ಕದ ಮನೆಯಲ್ಲಿ ಆಂಗ್ಲೋ-ಇಂಡಿಯನ್ ಆಂಟಿಯೊಬ್ಬರಿದ್ದರು. ಕ್ರಿಸ್‌ಮಸ್ ಬಂದರೆ ಅವರ ಅಡುಗೆಮನೆಯಿಂದ ಬರುವ ಘಮಕ್ಕೆ ನಾವು ಮಕ್ಕಳು ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕೂರುತ್ತಿದ್ದೆವು. ನಮ್ಮ ಮನೆಗೆಂದು ಅವರು ಮೊಟ್ಟೆ ಹಾಕದೆ ಪುಟ್ಟ ಪುಟ್ಟ ಟಾರ್ಟು ಮಾಡುತ್ತಿದ್ದರು. ಅಂಗೈಯ ಗುಳಿಯಲ್ಲಿ ಕೂರುವಷ್ಟು ಪುಟ್ಟ ಹಿಟ್ಟಿನ ಬಟ್ಟಲು, ಬಿಸ್ಕತ್ತಿನಂತೆ ಪುಡಿಪುಡಿಯಾಗುವ ಅಂಚು, ಒಳಗೆ ಬೆಲ್ಲದಲ್ಲಿ ಕಟ್ಟಿದ ಗೋಡಂಬಿ. ನನಗೆ ಅದನ್ನು ಕಲಿಸಿಕೊಟ್ಟವರೂ ಅವರೇ. ಮದುವೆಗೆ ಉಡುಗೊರೆಯಾಗಿ ತಮ್ಮ ತಗಡಿನ ಅಚ್ಚುಗಳನ್ನೇ ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಅಚ್ಚುಗಳು ಟ್ರಂಕಿನಿಂದ ಹೊರಬಂದ ದಿನ ಅತ್ತೆ ಒಂದನ್ನು ದೂರದಿಂದಲೇ ನೋಡಿದರು.

"ಇದರಲ್ಲಿ ಏನ್ ಮಾಡ್ತಿದ್ರೇ ಅವರು?"

"ಕೇಕು, ಟಾರ್ಟು ಎಲ್ಲ ಮಾಡ್ತಿದ್ರು ಅತ್ತೇ."

"ಕೇಕಿಗೆ ಮೊಟ್ಟೆ ಹಾಕ್ತಾರಲ್ವಾ?"

ಹಾಕುತ್ತಾರೆ ಎಂದೆ. ಸುಳ್ಳು ಹೇಳಲು ಬಾರದ ಬಾಯಿ ನನ್ನದು, ಅದರಿಂದ ಆಗಿರುವ ನಷ್ಟ ಸ್ವಲ್ಪವಲ್ಲ. ಅತ್ತೆ ಬೈಯಲಿಲ್ಲ. "ಹಾಗಾದ್ರೆ ಬಚ್ಚಲಮನೆ ಅಟ್ಟದ ಮೇಲಿಡು" ಅಂದರು, ಅಷ್ಟೇ. ಎರಡು ವಾರ ಕಳೆದು ನೋಡಿದರೆ ನನ್ನ ಗಂಡ ಅವುಗಳಲ್ಲಿ ಮೊಳೆ, ಸ್ಕ್ರೂ, ಸೈಕಲ್ಲಿನ ನಟ್ಟು ಎಲ್ಲ ವಿಂಗಡಿಸಿ ಇಟ್ಟುಕೊಂಡಿದ್ದರು. "ಒಳ್ಳೇ ಉಪಯೋಗಕ್ಕೆ ಬಂದ್ವು ಕಣೇ" ಎಂದು ನನ್ನನ್ನೇ ಹೊಗಳಿದರು. ನಾನು ಆ ದಿನ ಅವರ ಕಾಫಿಗೆ ಸಕ್ಕರೆ ಹಾಕಲಿಲ್ಲ.

ಅಚ್ಚಿಲ್ಲದೆ ಟಾರ್ಟು ಹೇಗೆ? ಉಪಾಯ ಹೊಳೆದದ್ದು ಕಾರ್ತಿಕ ಮುಗಿದ ಮೇಲೆ. ದೀಪಕ್ಕೆ ತಂದ ಮಣ್ಣಿನ ಹಣತೆಗಳಲ್ಲಿ ಒಂದಷ್ಟು ಹಚ್ಚದೆ ಹಾಗೇ ಉಳಿದಿದ್ದವು. ಎಣ್ಣೆ ಕಾಣದ ಹೊಸ ಮಣ್ಣು, ಅದಕ್ಕೆ ಯಾವ ಮೈಲಿಗೆಯೂ ಇಲ್ಲ. ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ. ಆಂಟಿಯ ಅಚ್ಚಿನದೇ ಅಳತೆ. ಬತ್ತಿ ಇಡುವ ಮೂತಿಯೊಂದು ಹೆಚ್ಚಿಗೆ ಇತ್ತು.

ಅತ್ತೆಯನ್ನು ಕೇಳಿದೆ. ಅವರು ಹಣತೆಯನ್ನೂ ನನ್ನನ್ನೂ ನೋಡಿ, "ಹಿತ್ತಲಲ್ಲಿ ಮಾಡ್ಕೊ" ಅಂದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ನಾನೂ ಹಾಗೆ. ತಣ್ಣೀರು ಮಿಂದು, ಮಡಿಸೀರೆ ಉಟ್ಟು, ಇದ್ದಿಲ ಒಲೆ ಹೊತ್ತಿಸಿದೆ. ಮೈದಾ ಅತ್ತೆಗೆ ಆಗದು. ಹಾಗಾಗಿ ಚಿರೋಟಿ ರವೆಯನ್ನು ತುಪ್ಪ ಹಾಕಿ ತಿಕ್ಕಿ, ಹಾಲಿನಲ್ಲೇ ಕಲಸಿ ನಾದಿದೆ. ಗೋಡಂಬಿಯ ಜಾಗಕ್ಕೆ ತಾಯಲೂರಿನ ಕಡೆಯಿಂದ ಬಂದ ಕಡ್ಲೆಬೀಜ. ಹುರಿದು, ಸಿಪ್ಪೆ ತೂರಿ, ಅತ್ತೆಗೆ ಹಲ್ಲು ಕಡಿಮೆಯೆಂದು ತರಿತರಿಯಾಗಿ ಕುಟ್ಟಿದೆ. ಬೆಲ್ಲವನ್ನು ನೀರು ಹಾಕದೆ ತುಪ್ಪದಲ್ಲೇ ಕರಗಿಸಿದೆ. ಕಡ್ಲೆಕಾಯಿ ಹುರಿಯುವ ಮರಳು ಮನೆಯಲ್ಲಿತ್ತು. ಅದನ್ನು ಕಬ್ಬಿಣದ ಬಾಣಲೆಗೆ ಸುರಿದು, ಕಾಯಿಸಿ, ಅದರಲ್ಲಿ ಹಣತೆಗಳನ್ನು ಕೂರಿಸಿ, ಮೇಲೆ ಹಂಚು ಮುಚ್ಚಿ, ಹಂಚಿನ ಮೇಲೂ ಕೆಂಡ ಹರಡಿದೆ. ಆಂಟಿಯ ಓವನ್ನಿಗೆ ನಾನು ಕೊಟ್ಟ ಮುಳಬಾಗಿಲಿನ ಉತ್ತರ ಇದು.

ಘಮ ಬಂತು, ಟಾರ್ಟು ಬರಲಿಲ್ಲ. ಹೊಸ ಮಣ್ಣು ನನ್ನ ತುಪ್ಪವನ್ನೆಲ್ಲ ಕುಡಿದು, ಹಿಟ್ಟನ್ನು ಕಚ್ಚಿಕೊಂಡು ಕೂತಿತ್ತು. ಸುತ್ತ ಚಾಕು ಆಡಿಸಿದೆ, ತಲೆಕೆಳಗು ಮಾಡಿ ತಟ್ಟಿದೆ, ಕೊನೆಗೆ ಒಂದನ್ನು ಒಡೆದೇಬಿಟ್ಟೆ. ನನ್ನ ಗಂಡ ಚಮಚದಲ್ಲಿ ಕೆರೆದು ತಿಂದು, ಮಣ್ಣಿನ ಚೂರೊಂದನ್ನು ಕಡಿದು, "ರುಚಿ ಏನೋ ಚೆನ್ನಾಗಿದೆ" ಅಂದರು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು.

"ಹೊಸ ಹಣತೆ ನೆನೆಸದೆ ಯಾರಾದ್ರೂ ಒಲೆ ಮೇಲಿಡ್ತಾರೇನೇ? ದೀಪ ಹಚ್ಚೋಕೂ ಒಂದು ರಾತ್ರಿ ನೀರಲ್ಲಿ ಹಾಕಿಡ್ತೀವಿ. ಇಲ್ದಿದ್ರೆ ಎಣ್ಣೆಯೆಲ್ಲ ಅದೇ ಕುಡಿಯುತ್ತೆ."

ನನಗೆ ಹೇಗೆ ಗೊತ್ತಿರಬೇಕು? ನಮ್ಮ ಕ್ವಾರ್ಟರ್ಸಿನಲ್ಲಿ ದೀಪಾವಳಿಗೆ ಮೇಣದಬತ್ತಿ. ಆದರೂ ಅತ್ತೆ ತಾವಾಗಿ ಒಂದು ದಾರಿ ಹೇಳಿಕೊಟ್ಟರಲ್ಲ ಎಂದು ನನಗೆ ಹಿಗ್ಗು. ಮಾರನೆಯ ವಾರ ಹಣತೆಗಳನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಒರೆಸಿ, ಒಣಗಿಸಿ, ಮತ್ತೆ ಮಡಿಯುಟ್ಟೆ, ಮತ್ತೆ ಹಾಲಿನಲ್ಲೇ ಕಲಸಿದೆ. ಈ ಸಲ ತಟ್ಟಿದರೆ ಸಾಕು, ಟಾರ್ಟುಗಳು ಅಂಗೈಗೆ ಉರುಳಿ ಬಿದ್ದವು. ಹೊಂಬಣ್ಣ, ಒಳಗೆ ಮಿರುಗುವ ಬೆಲ್ಲ, ತುದಿಯಲ್ಲಿ ಹಕ್ಕಿಮರಿಯ ಹಾಗೆ ಒಂದು ಮೂತಿ. ಆಂಟಿ ನೋಡಿದ್ದರೆ ಕೆನ್ನೆಗೆ ಮುತ್ತು ಕೊಡುತ್ತಿದ್ದರು.

ದೀಪ ಹಚ್ಚಿದ ಮೇಲೆ, ಫಲಾಹಾರದ ಹೊತ್ತಿಗೆ, ಬಾಳೆಲೆಯ ತುಂಡಿನಲ್ಲಿ ಎರಡನ್ನು ಇಟ್ಟು ಅತ್ತೆಯ ಮುಂದೆ ಸರಿಸಿದೆ.

"ತಗೊಳ್ಳಿ ಅತ್ತೇ. ಮಡಿಯಲ್ಲೇ ಮಾಡಿದೀನಿ. ಹಿಟ್ಟಿಗೆ ಹಾಲು ಬಿಟ್ರೆ ಏನೂ ಹಾಕಿಲ್ಲ."

ಅತ್ತೆ ಎಲೆಯನ್ನು ನೋಡಿದರು. ಅವರ ಕೈ ಮಡಿಲಿನಿಂದ ಎದ್ದದ್ದು ನನಗೆ ಕಂಡಿತು. ಅರ್ಧಕ್ಕೆ ನಿಂತಿತು.

"ಹಣತೆ ನೀರಲ್ಲಿ ನೆನೆಸಿದ್ಯಲ್ಲೇ."

"ನೀವೇ ಹೇಳಿದ್ರಲ್ಲ!"

"ನೆನೆಸ್ದೆ ಇದ್ರೆ ಅಂಟ್ಕೊಳ್ಳುತ್ತೆ ಅಂದೆ. ನಾನು ತಿನ್ನೋಕೆ ಅಂತ ಮಾಡ್ತಿದೀಯ ಅಂತ ಯಾರಿಗ್ಗೊತ್ತು? ಮಣ್ಣು ಕುಡಿದ ನೀರು ಕಾವಿಗೆ ಎಲ್ಲಿ ಹೋಗುತ್ತೆ, ಹಿಟ್ಟಿಗೇ ತಾನೆ? ಮುಸುರೆ ಆಯ್ತು ಕಣೇ. ನೀವಿಬ್ಬರೂ ತಿನ್ನಿ."

ಅವರು ಹೇಳಿದ್ದು ಲೆಕ್ಕಕ್ಕೆ ಸರಿಯೇ ಇತ್ತು, ಅದೇ ನನ್ನ ಸಿಟ್ಟನ್ನು ನೆತ್ತಿಗೇರಿಸಿತು. ತಪ್ಪಾಗಿದ್ದಿದ್ದರೆ ಜಗಳವಾಡಬಹುದಿತ್ತು. ಎಲೆ ಎತ್ತಿಕೊಂಡು ಒಳಗೆ ಹೋಗಿ ಎರಡನ್ನೂ ನಿಂತಲ್ಲೇ ತಿಂದೆ. ಬಹಳ ಚೆನ್ನಾಗಿದ್ದವು, ಆದ್ದರಿಂದ ಇನ್ನೂ ಅಳು ಬಂತು. ಇನ್ನೂ ನೆನೆಸದೆ ಉಳಿದಿದ್ದ ಹೊಸ ಹಣತೆಗಳನ್ನು ಅಡುಗೆಮನೆಯ ಅಟ್ಟಕ್ಕೆ ಸೇರಿಸಿ, ಇನ್ನು ಈ ಮನೆಯಲ್ಲಿ ತರಕಾರಿ ಹೆಚ್ಚುವುದು ಬಿಟ್ಟು ಬೇರೆ ಮಾಡಿದರೆ ಕೇಳಿ ಎಂದು ಗಂಡನಿಗೆ ಹೇಳಿದೆ. ಅವರು ಇನ್ನೊಂದು ಟಾರ್ಟು ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರು. ಆ ಪುಣ್ಯಾತ್ಮರಿಗೆ ಅಮ್ಮನ ಜೊತೆಯೂ ಜಗಳವಿಲ್ಲ, ನನ್ನ ಜೊತೆಯೂ ಇಲ್ಲ.

ಧನುರ್ಮಾಸ ಬಂತು. ಬೆಳಗಿನ ಚಳಿಗೆ ಹಿತ್ತಲ ಕಲ್ಲುಗಳು ಕಾಲು ಕಚ್ಚುತ್ತಿದ್ದವು. ನಾನು ಅತ್ತೆಯೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದೆ, ಅವರಂತೂ ಮೊದಲಿನಿಂದಲೂ ಬೇಕಾದಷ್ಟೇ ಮಾತಾಡುವವರು. ಹೀಗಾಗಿ ನನ್ನ ಮುನಿಸು ಅವರಿಗೆ ತಿಳಿಯಿತೋ ಇಲ್ಲವೋ ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ಅವರು ಬಾಳೆಹಣ್ಣನ್ನಷ್ಟೇ ತಿಂದು ಎದ್ದರು.

"ಹಾಲು ಹಾಗೇ ಇದೆಯಲ್ಲ ಅತ್ತೇ?"

"ಇವತ್ತು ಬೇಡ. ಇರಲಿ ಬಿಡು."

ಮಾರನೆಯ ಸಂಜೆಯೂ ಹಾಗೇ ಎದ್ದರು. ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡೆ. ಓಮದ ಕಷಾಯ ಕಾಯಿಸಲೇ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು, ನನ್ನ ಕೈಯದು ಇವರೆಲ್ಲಿ ಕುಡಿಯುತ್ತಾರೆ ಎಂದು ನುಂಗಿಕೊಂಡೆ.

ಬೆಳಿಗ್ಗೆ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರೆ, ಒಲೆಯ ಪಕ್ಕದ ಮಡಿಜಾಗದಲ್ಲಿ ಅವರ ಹಿತ್ತಾಳೆಯ ಬೋಗುಣಿ. ಅದರೊಳಗೆ, ಅಟ್ಟದ ಮೇಲೆ ನಾನು ಸೇರಿಸಿದ್ದ ಹೊಸ ಹಣತೆಗಳು. ಹಣತೆ ಮುಳುಗುವಷ್ಟು ಹಾಲು.

ನಾನು ಬಾಗಿಲಲ್ಲೇ ನಿಂತೆ. ಅತ್ತೆ ಆಗಲೇ ಮಿಂದು ಒದ್ದೆ ಸೆರಗು ಹೊದ್ದು ತುಳಸಿಗೆ ನೀರು ಹಾಕಿ ಬರುತ್ತಿದ್ದರು. ನನ್ನ ಮುಖ ನೋಡಲಿಲ್ಲ, ನೇರ ಬೋಗುಣಿಯ ಕಡೆ ನೋಡಿಕೊಂಡೇ ಹೇಳಿದರು.

"ನೀರು ತಾಕಿಸಿಲ್ಲ. ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಡು. ಹೋಗು, ಸ್ನಾನ ಮಾಡ್ಕೊಂಡು ಬಾ. ನಿಮ್ಮೂರಿನ ಆ ಅದೇನೋ ಮಾಡ್ತೀಯಲ್ಲ, ಮಾಡು."

ಅವರ ಎರಡು ರಾತ್ರಿಯ ಹಾಲು ಅದು. ದಿನಕ್ಕೆ ಒಂದೇ ಊಟ ಮಾಡುವ ಜೀವ. ನಾನು ಬಚ್ಚಲಿಗೆ ಹೋಗಿ, ನೀರು ಹೊಯ್ದುಕೊಳ್ಳುವ ಮೊದಲೇ ಚೆನ್ನಾಗಿ ಅತ್ತುಬಿಟ್ಟೆ. ಮಡಿಗೆ ಮುಂಚಿನ ಅಳು, ಅದಕ್ಕೆ ದೋಷವಿಲ್ಲ.

ಅಂದು ಸಂಜೆ ಅತ್ತೆ ಬಾಳೆಲೆಯ ಮುಂದೆ ಕೂತು, ಮೊದಲು ಟಾರ್ಟಿನ ಮೂತಿಯನ್ನು ಮುರಿದು ಬಾಯಿಗೆ ಹಾಕಿಕೊಂಡರು. ಅದು ಕರಗುವವರೆಗೆ ಬಾಯಲ್ಲೇ ಇಟ್ಟುಕೊಂಡಿದ್ದರು. ಆಮೇಲೆ ಉಳಿದದ್ದನ್ನು, ಒಂದು ತರಿ ಕಡ್ಲೆಬೀಜವೂ ಬೀಳದ ಹಾಗೆ, ಕೆಳಗೆ ಕೈಯೊಡ್ಡಿ ತಿಂದರು.

"ಬೆಲ್ಲ ಒಂಚೂರು ಮುಂದಾಯ್ತು ಕಣೇ" ಅಂದರು. ಇನ್ನೊಂದಕ್ಕೆ ಕೈ ಹಾಕಿದರು.

ಆಮೇಲೂ ಅಡುಗೆಮನೆಯ ಒಲೆ ಅವರದೇ ಆಗಿತ್ತು, ತರಕಾರಿ ಹೆಚ್ಚುವುದು ನನ್ನದೇ. ಸಿನಿಮಾದ ಹಾಗೆ ರಾತ್ರಿ ಬೆಳಗಾಗುವುದರಲ್ಲಿ ಎಲ್ಲ ಬದಲಾಗಲಿಲ್ಲ. ಹಾಲು ಹೆಚ್ಚಿಗೆ ಸಿಕ್ಕಾಗ ಮಾತ್ರ ಟಾರ್ಟು. ಅತ್ತೆ ಅದನ್ನು ಕೊನೆಯವರೆಗೂ 'ಅದೇನೋ' ಎಂದೇ ಕರೆದರು.

ಮುಂದಿನ ಕಾರ್ತಿಕಕ್ಕೆ ಹಣತೆ ಮಾರುವ ಹೆಂಗಸು ಮಂಕರಿ ಹೊತ್ತು ಜಗುಲಿಗೆ ಬಂದಳು. ಚೆನ್ನಾಗಿ ಸುಟ್ಟ ಮಾಲು ಎಂದು ತೋರಿಸಲು ಒಂದನ್ನು ಬೆರಳಿನಿಂದ ಠಣಕ್ಕನೆ ಮೀಟಿ, "ಚೂಡಂಡಮ್ಮಾ, ಬಾಗಾ ಕಾಲಿನಾಯಿ" ಎಂದು ತೆಲುಗಿನಲ್ಲಿ ಅಂದಳು. ಅತ್ತೆ ಕೂತು ಒಂದೊಂದನ್ನೂ ತಿರುಗಿಸಿ ನೋಡುತ್ತಾ ಎರಡು ಗುಂಪು ಮಾಡತೊಡಗಿದರು. ಸಾಧಾರಣವಾದವು ಒಂದು ಕಡೆ. ಬಾಯಗಲ, ಒಳಗೆ ಆಳ, ಮೂತಿ ಚಿಕ್ಕದು, ಅಂಥವು ಇನ್ನೊಂದು ಕಡೆ.

"ಅದ್ಯಾಕಮ್ಮಾ ಬೇರೆ ಇಡ್ತೀರಾ?" ಎಂದಳು ಅವಳು.

ಅತ್ತೆ ಮೊದಲ ಗುಂಪನ್ನು ತೋರಿಸಿ, "ಇವು ದೇವರಿಗೆ" ಅಂದರು. ಎರಡನೆಯದನ್ನು ತಮ್ಮ ಸೆರಗಿನಿಂದಲೇ ಒರೆಸಿ ನನ್ನ ಮಡಿಲಿಗೆ ಹಾಕುತ್ತಾ, "ಇವು ನಮ್ಮಿಬ್ಬರಿಗೆ" ಅಂದರು.