ಎತ್ತು, ಕತ್ತೆ, ಕೋಟು

ಆ ಕೋಟು ಕಂದುಬಣ್ಣದ್ದೆಂದು ನನ್ನ ನೆನಪು ಹೇಳುತ್ತದೆ. ಆಗಿನ ದಿನಚರಿಯಲ್ಲಿ ಬೂದಿಬಣ್ಣ ಎಂದಿದೆ. ಬಣ್ಣವನ್ನು ನಂಬಲಾರೆ. ನಾನು ಕೇಳಿದ ಪ್ರಶ್ನೆ ಮಾತ್ರ ಎರಡರಲ್ಲೂ ಒಂದೇ.

ಐವತ್ತರ ದಶಕದ ನಡುವೆ, ನಾನು ಬಿ.ಎ. ಓದುತ್ತಿದ್ದಾಗಿನ ಮಾತು. ತಮಿಳು ಸೀಮೆಯ ಗಿರಣಿ ಊರೊಂದರ ಗಣಪತಿ ಎಂಬ ಬಡಾವಣೆಯಲ್ಲಿ ನಮ್ಮ ಗೋಡೆಗೆ ಅಂಟಿಕೊಂಡ ಮನೆ ಒಬ್ಬ ಕ್ರೈಸ್ತರದು. ಪಂಪಿನ ಕಾರ್ಖಾನೆಯಲ್ಲಿ ಎರಕ ಹೊಯ್ಯುವವರು, ಹೆಂಡತಿ ತೀರಿಕೊಂಡಿದ್ದರು. ಅವರ ಒಬ್ಬಳೇ ಮಗಳು ನನ್ನ ಗೆಳತಿ. ಅದೇ ಕಾರ್ಖಾನೆಯ ಹಿಂದೂ ಫಿಟ್ಟರನೊಬ್ಬನನ್ನು ಮದುವೆಯಾಗುತ್ತೇನೆಂದು ಅವಳು ಅಪ್ಪನ ಎದುರೇ ಹೇಳಿದ್ದಳು. ಅವರು ಬೈಯಲೂ ಇಲ್ಲ, ಒಪ್ಪಲೂ ಇಲ್ಲ. "ಮೂಪ್ಪರ್ ಬರಲಿ" ಎಂದರು. ಮೂಪ್ಪರ್ ಎಂದರೆ ಅವರ ಪ್ರಾರ್ಥನಾ ಮನೆಯ ಹಿರಿಯರು. ಅವರು ಬೈಬಲಿನ ಯಾವ ಮಾತು ಓದುತ್ತಾರೆಂದು ಗೆಳತಿಗೆ ಮೊದಲೇ ಗೊತ್ತಿತ್ತು. ನಾನು ಕಾಲೇಜಿನ ಲೈಬ್ರರಿಯಲ್ಲಿ ಆ ಅಧ್ಯಾಯ ಓದಿಕೊಂಡೆ.

ಮೂಪ್ಪರ್ ಬಂದ ದಿನ ನಾನು ಪಕ್ಕದ ಮನೆಗೆ ಹೊರಟಾಗ ಅಮ್ಮ ಒಲೆಯಿಂದ ತಲೆಯೆತ್ತದೆ ಅಂದಳು: "ಅವ್ರ ವೇದದಾಗೆ ನಿಂಗೇನೇ ವೇಲೆ, ಏನ್ ಕೆಲ್ಸ? ಇಂಥಾ ಮದುವೆ ನೀ ಕೇಳಿದ್ರೆ ನಿಮ್ಮಪ್ಪ ಆರತಿ ಎತ್ತುತ್ತಾರಾ?"

ಆದರೂ ಹೋದೆ.

ಮಾರ್ಗಳಿ ತಿಂಗಳ ಚಳಿಗೆ ಮೂಪ್ಪರ್ ಕೋಟು ತೊಟ್ಟು ಬಂದಿದ್ದರು. ಎತ್ತನ್ನೂ ಕತ್ತೆಯನ್ನೂ ಒಂದೇ ನೇಗಿಲಿಗೆ ಹೂಡಬಾರದೆಂಬ ಮಾತನ್ನು ಓದಿ, ನಂಬುವವಳಿಗೂ ನಂಬದವನಿಗೂ ಅದೇ ನಿಯಮ ಎಂದರು.

"ಹಾಗಾದ್ರೆ ನಮ್ಮಿಬ್ಬರಲ್ಲಿ ಕತ್ತೆ ಯಾರಯ್ಯಾ?" ಎಂದಳು ಗೆಳತಿ. ಅವಳ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅವರು ಒಪ್ಪಿಯೇಬಿಟ್ಟರು ಎನ್ನಿಸಿತು ನನಗೆ. ಅಲ್ಲಿಗೆ ಸುಮ್ಮನಿರಬಹುದಿತ್ತು.

"ಅಯ್ಯಾ, ಅದರ ಕೆಳಗಿನ ಸಾಲಲ್ಲೇ ಉಣ್ಣೆ, ನೂಲು ಬೆರೆಸಿದ ಬಟ್ಟೆ ಉಡಬಾರದು ಅಂತಿದೆಯಲ್ಲ. ನಿಮ್ಮ ಕೋಟು?" ಎಂದೆ.

ಗಿರಣಿಗಳ ಊರಿನವರಿಗೆ ಬಟ್ಟೆ ಮುಟ್ಟಿದರೆ ಸಾಕು. ಅವಳ ಅಪ್ಪ ಬಾಗಿ ಕೋಟಿನ ಅಂಚನ್ನು ಬೆರಳುಗಳ ನಡುವೆ ಉಜ್ಜಿದರು. "ಕಲಪ್ಪುದಾನ್" ಎಂದರು. ಬೆರಕೆಯೇ.

ಅದು ಹಳೆಯ ಕಟ್ಟಳೆ, ಈಗ ನಮಗಿಲ್ಲ ಎಂದು ಮೂಪ್ಪರ್ ಜಾರಿಕೊಳ್ಳುತ್ತಾರೆ. ಆಗ ಎತ್ತು ಕತ್ತೆಯ ಮಾತು ಮಾತ್ರ ಹೇಗೆ ಉಳಿಯಿತೆಂದು ಕೇಳಬೇಕು. ಹೀಗೆ ಲೆಕ್ಕ ಹಾಕಿದ್ದೆ. ಅವರು ಜಾರಿಕೊಳ್ಳಲಿಲ್ಲ. ಕೋಟು ಕಳಚಿ, ಜೇಬಿನ ಕನ್ನಡಕ ತೆಗೆದಿಟ್ಟು, ಹಿತ್ತಿಲಿನ ನೀರೊಲೆಗೆ ಅದನ್ನು ತುರುಕಿದರು. ಕೂದಲು ಸುಟ್ಟ ವಾಸನೆ ಮನೆಯೊಳಗೆ ತುಂಬಿತು.

"ಒಂದನ್ನ ಹಿಡಿದು ಇನ್ನೊಂದನ್ನ ಬಿಟ್ಟಿದ್ದೆ. ಕಣ್ಣು ತೆರೆಸಿದೆ, ಅಮ್ಮಣಿ" ಎಂದರು. ದನಿಯಲ್ಲಿ ಕೋಪವಿರಲಿಲ್ಲ.

ಅವಳ ಅಪ್ಪನ ಮುಖದಲ್ಲಿ ನಗು ಉಳಿದಿರಲಿಲ್ಲ. "ಸ್ವಂತ ಕೋಟನ್ನೇ ಸುಟ್ಟವರು ನಿನಗೆ ಸುಳ್ಳು ಹೇಳ್ತಾರಾ?" ಎಂದು ಮಗಳನ್ನು ಕೇಳಿದರು. ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಐದನೆಯ ದಿನ ಅವಳನ್ನು ದಕ್ಷಿಣದ ಯಾವುದೋ ಊರಿಗೆ ಕರೆದೊಯ್ದರು. ಅವರದೇ ಸಭೆಯ ಒಬ್ಬ ವಿಧುರನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಬಸ್ಸಿನ ಹತ್ತಿರ ನಾನು ಕೈ ಚಾಚಿದೆ, ಅವಳು ಹಿಡಿಯಲಿಲ್ಲ. ಮೇಲೆ ಪೆಟ್ಟಿಗೆ ಏರಿಸಿ ಇಳಿದ ಮೂಪ್ಪರ್ ನನ್ನನ್ನು ಕಂಡು ಪ್ರೀತಿಯಿಂದಲೇ ನಕ್ಕರು.

"ಓದ್ತಾ ಇರು, ಅಮ್ಮಣಿ. ನಾವು ಇನ್ನೇನಾದ್ರೂ ಬಿಟ್ಟಿದ್ರೆ ಬಂದು ಹೇಳು."