ಜೋಳಿಗೆಗೆ ಬಿದ್ದ ಗುಳಿಗೆ

ನಮ್ಮತ್ತೆಗೆ ಮಾತ್ರೆಯ ಚಟವಿತ್ತು ಎಂದು ನ್ಯಾಮತಿಯಲ್ಲಿ ಯಾರಾದರೂ ನಿಮಗೆ ಹೇಳಿದರೆ, ಹೇಳುವವರ ಬಾಯೊಳಗೆ ಆ ಹೊತ್ತಿಗೆ ಏನಿದೆ ಎಂದು ಮೊದಲು ನೋಡಿ. ಎಲೆಅಡಿಕೆ ಇರುತ್ತದೆ, ಅದರ ಜೊತೆ ತಂಬಾಕೂ ಇರುತ್ತದೆ. ಹಾಲು ಕುಡಿಸುವ ತಾಯಿ ಇಷ್ಟು ಸಿಟ್ಟಾಗಬಾರದು, ಹಾಲು ಕೆಡುತ್ತದೆ ಎಂದು ನಮ್ಮ ಓಣಿಯವರು ಹೇಳುತ್ತಾರೆ. ಕೆಡುವುದಿಲ್ಲ, ಓದಿ, ಇಬ್ಬರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಆದರೂ ಭಯಕ್ಕೆ ಮಗುವಿಗೆ ಕುಡಿಸಿ, ಮಲಗಿಸಿಯೇ ಬರೆಯಲು ಕೂತಿದ್ದೇನೆ.

ಅತ್ತೆಯ ಹೆಸರು ಅನ್ನಪೂರ್ಣಮ್ಮ. ತವರು ಜಗಳೂರು ಕಡೆಯ ಸೊಕ್ಕೆ. ನ್ಯಾಮತಿಗೆ ಸೊಸೆಯಾಗಿ ಬಂದಾಗ ಒಂದು ಟ್ರಂಕು, ಒಂದು ಕೈಹೊಲಿಗೆಯ ಪೆಟ್ಟಿಗೆ ತಂದಿದ್ದರಂತೆ. ಟ್ರಂಕು ತುಕ್ಕು ಹಿಡಿದು ಹೋಯಿತು, ಪೆಟ್ಟಿಗೆ ಈಗಲೂ ಇದೆ. ಅದರಿಂದಲೇ ಈ ಓಣಿಯ ಕೂಸುಗಳಿಗೆಲ್ಲ ಕುಲಾವಿ ಹೊಲಿದಿದ್ದಾರೆ. ಹಳೇ ರೇಷ್ಮೆ ಸೀರೆಯ ಸೆರಗು, ಅಂಚಿಗೆ ಜರಿ, ನೆತ್ತಿಯ ಮೇಲೊಂದು ಗೊಂಡೆ. ನಾಮಕರಣದ ಹಿಂದಿನ ದಿನ ಯಾರಾದರೂ ಬಂದು, "ಅನ್ನಪೂರ್ಣಕ್ಕ, ನಾಳೀಕೆ ಬೇಕಲ್ಲ" ಎಂದರೂ ಇಲ್ಲವೆಂದವರಲ್ಲ. ಬಯ್ಯುತ್ತಾರೆ, ಬಯ್ಯುತ್ತಲೇ ಸೂಜಿಗೆ ದಾರ ಪೋಣಿಸುತ್ತಾರೆ.

ನಾನು ಮೈಸೂರಿನಲ್ಲಿ ಓದಿ ಬೆಳೆದವಳು. ಮಗು ಹುಟ್ಟಿದ ಮೇಲೆ ಅದು ಸೀನಿದರೂ ನನಗೆ ಎದೆ ಹಾರುತ್ತಿತ್ತು. ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವುದೇ ನನ್ನ ಕೆಲಸ. ಅತ್ತೆ ನಗುತ್ತಿದ್ದರು. "ಏ ಮೇಘಾ, ಅದು ಉಸಿರಾಡ್ತೈತೆ ಕಣವ್ವ. ನೀನು ಉಸಿರಾಡು ಮೊದ್ಲು." ಇಂಥ ಗಟ್ಟಿ ಹೆಂಗಸಿಗೆ ಮನಸ್ಸು ಗಟ್ಟಿ ಇಲ್ಲ ಎಂದು ಊರು ಹೇಳಿತು. ನನಗೆ ಉರಿಯುವುದು ಅದೇ.

ಮಾತ್ರೆ ಶುರುವಾದದ್ದು ಅವರ ಗರ್ಭಕೋಶ ತೆಗೆಸಿದ ವರ್ಷ. ಆಪರೇಷನ್ನಿನ ನಂತರ ಎದೆ ಡವಡವ, ನಿದ್ದೆ ಇಲ್ಲ. ಆಪರೇಷನ್ ಮಾಡಿದ ಡಾಕ್ಟರು ಒಂದು ಸಣ್ಣ ಗುಳಿಗೆ ಕೊಟ್ಟು, ಹದಿನೈದು ದಿನ ತಗೊಳ್ಳಿ ಎಂದರಂತೆ. ಹದಿನಾರನೆಯ ದಿನ ಏನು ಮಾಡಬೇಕೆಂದು ಹೇಳಲಿಲ್ಲ. ನಿಲ್ಲಿಸಿ ಎಂದವರಿಲ್ಲ, ಹೀಗೆ ನಿಲ್ಲಿಸಿ ಎಂದು ತೋರಿಸಿದವರೂ ಇಲ್ಲ. ಔಷಧಿ ಅಂಗಡಿಯವನು ಗುಳಿಗೆಯ ಖಾಲಿ ಹಾಳೆ ನೋಡಿ ತುಂಬಿದ ಹಾಳೆ ಕೊಡುತ್ತಾ ಹೋದ. ಹೀಗೆ ವರ್ಷಗಳೇ ಕಳೆದವು. ನಡುವೆ ಒಂದು ಗುಳಿಗೆಗೆ ನಿದ್ದೆ ಬರುವುದು ನಿಂತಾಗ, "ಒಂದೂವರೆ ತಗಳ್ರಿ ಅಮ್ಮ" ಎಂದವನೂ ಅವನೇ.

ಪಕ್ಕದ ಮನೆಯ ಬಂಗಾರಮ್ಮನದೂ ಅದೇ ಗುಳಿಗೆ. ಅವರೂ ಸೊಕ್ಕೆಯವರು, ಅತ್ತೆಯ ಜೊತೆ ಕುಂಟೆಬಿಲ್ಲೆ ಆಡಿ ಬೆಳೆದವರು. ಅವರ ಗಂಡ ತೀರಿಕೊಂಡ ಮೇಲೆ ಅವರಿಗೂ ಶುರುವಾಗಿತ್ತು. ಇಬ್ಬರೂ ಸುಮಾರು ಅಷ್ಟೇ ವರ್ಷ ನುಂಗಿದ್ದಾರೆ. ಆದರೆ ಬಂಗಾರಮ್ಮನಿಗೆ ಕೊನೆಯವರೆಗೂ ಒಂದೇ ಸಾಕಾಯಿತು. ನುಂಗಿ ತಲೆ ಊರಿದರೆ ಗೊರಕೆ. ಒಂದೇ ಅಂಗಡಿ, ಒಂದೇ ಬಣ್ಣದ ಹಾಳೆ, ಎರಡು ಮೈ.

ಶ್ರಾವಣದಲ್ಲಿ ನಮ್ಮ ಓಣಿಗೆ ಜೋಳಿಗೆ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸ್ವಾಮೀಜಿಯವರು ಜೋಳಿಗೆ ಹಿಡಿದು ಮನೆಮನೆಗೆ ಬರುತ್ತಾರೆ, ಕಾಳು ಬೇಡುವುದಿಲ್ಲ, ದುಶ್ಚಟ ಬೇಡುತ್ತಾರೆ. ಗುಟ್ಕಾದ ಪೊಟ್ಟಣ, ಬೀಡಿಯ ಕಟ್ಟು ಅದರೊಳಗೆ ಹಾಕಬೇಕು, ಹಾಕಿದ ಮೇಲೆ ಮುಟ್ಟಬಾರದು. ಒಳ್ಳೆಯ ಪದ್ಧತಿಯೇ. ಕುಡಿತ ಬಿಟ್ಟು ಮನೆ ಉಳಿಸಿಕೊಂಡವರು ಈ ಊರಲ್ಲಿದ್ದಾರೆ.

ನಮ್ಮ ಮಾವ ಬಸವರಾಜಪ್ಪನವರು ಗೊಬ್ಬರದಂಗಡಿ ಇಟ್ಟವರು, ನಾಲ್ಕು ಜನ ಬಲ್ಲವರು. ಕಟ್ಟೆಯ ಮೇಲೆ ಕೈಮುಗಿದು ನಿಂತಿದ್ದರು. ಸುತ್ತಲಿನ ಮನೆಯವರೆಲ್ಲ ಏನಾದರೊಂದು ಹಾಕುತ್ತಿದ್ದಾರೆ. ಯಾರೋ, "ಬಸವರಾಜಪ್ಪಾರೆ, ನಿಮ್ಮ ಮನೇದು ಏನೂ ಇಲ್ವೇನ್ರಿ?" ಎಂದು ಕೂಗಿದರು. ಮಾವನ ಸೊಂಟದಲ್ಲಿ ಎಲೆಅಡಿಕೆ ಸಂಚಿ ಇತ್ತು, ಸಂಚಿಯಲ್ಲಿ ತಂಬಾಕು ಇತ್ತು. ಅದನ್ನು ಮುಟ್ಟಲಿಲ್ಲ. ಒಳಗೆ ತಿರುಗಿ, "ಏ ಇವಳೇ, ಆ ನಿದ್ದೆಗುಳಿಗೆ ತಗಂಬಾ!" ಎಂದರು.

ಅತ್ತೆ ಕೈಯಲ್ಲಿದ್ದ ಕುಲಾವಿ ಬಿಟ್ಟು ಎದ್ದು, ಡಬ್ಬಿಯಲ್ಲಿದ್ದ ಹಾಳೆ ತಂದು ಹಾಕಿದರು. ಪಕ್ಕದ ಕಟ್ಟೆಯಿಂದ ಬಂಗಾರಮ್ಮ, "ತಡೀರಿ ತಡೀರಿ, ನಂದೂ ಐತೆ" ಎಂದು ಓಡಿಬಂದು ಹಾಕಿದರು. ಸಮಾಳ ವಾದ್ಯದ ಸದ್ದಿನಲ್ಲಿ, ಜನರ ನೂಕಿನಲ್ಲಿ ಬಿದ್ದದ್ದು ಗುಟ್ಕಾವೋ ಗುಳಿಗೆಯೋ ಸ್ವಾಮೀಜಿಯವರು ನೋಡಿದಂತಿರಲಿಲ್ಲ. ಜೋಳಿಗೆ ಮುಂದೆ ಹೋಯಿತು. ಹೆಂಡತಿಯ ಔಷಧಿಯನ್ನು ತನ್ನ ಮನೆಯ ಚಟವೆಂದು ದಾನ ಮಾಡಿದ ಗಂಡಸು ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿಕೊಂಡರು.

ಬಂಗಾರಮ್ಮನಿಗೆ ಒಂದೆರಡು ದಿನ ತಲೆ ಭಾರ, ಆಕಳಿಕೆ. ಆಮೇಲೆ ಎಂದಿನಂತೆ ರೊಟ್ಟಿ ಬಡಿಯತೊಡಗಿದರು. ನಮ್ಮತ್ತೆ ಆ ಹೊತ್ತಿಗೆ ಬೆವರಿನಲ್ಲಿ ತೊಯ್ಯುತ್ತಿದ್ದರು. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿ ಕೂರುತ್ತಿದ್ದರು. "ತಲೆಯೊಳಗೆ ರುಬ್ಬಿದಂಗೆ ಆಗ್ತೈತೆ, ನಿಲ್ಸೇ." ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೋಗಿ ಹೋಗಿ, ಕಡೆಗೆ ಸೂಜಿಯನ್ನೂ ದಾರವನ್ನೂ ನನ್ನ ಕಡೆ ಚಾಚಿ ಅತ್ತರು. ಆ ಹೆಂಗಸು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಊರಿಗೆ ಅಳತೆಗೋಲು ಸಿಕ್ಕಿತ್ತಲ್ಲ, ಬಂಗಾರಮ್ಮ. ನೋಡಲು ಬಂದವರೆಲ್ಲ ಅದನ್ನೇ ಎತ್ತಿದರು. "ಬಂಗಾರಕ್ಕ ಬಿಟ್ಟೇ ಬಿಟ್ಲು, ನೋಡ್ರಿ, ಹೆಂಗ್ ಅದಾಳೆ!" ನೀರು ತರಲು ಒಳಗೆ ಹೋದಾಗ ನನಗೆ ಕೇಳುವಂತೆ ಒಬ್ಬರು, "ಸೊಸೆ ಬಂದ್ಮೇಲೆ ಅತ್ತೇರ್ಗೆ ಕೆಲ್ಸ ಬ್ಯಾಡಾಗೈತೆ" ಎಂದರು. ಇನ್ನೊಬ್ಬರು ನಕ್ಕರು. ಅದೇ ಚೊಂಬಿನ ನೀರು ಅವರ ಮೇಲೆ ಸುರಿಯಬೇಕೆನಿಸಿತು. ತಂದು ಕೈಗೆ ಕೊಟ್ಟೆ.

"ಮಾವ, ಇದು ನಾಟಕ ಅಲ್ಲ. ಗುಳಿಗೆ ಒಮ್ಮೆಲೇ ನಿಲ್ಲಿಸಿದ್ದಕ್ಕೇ ಹೀಗಾಗ್ತಿರೋದು. ಮತ್ತೆ ಕೊಟ್ಟು ಡಾಕ್ಟರಿಗೆ ತೋರಿಸೋಣ" ಎಂದೆ.

"ಜೋಳಿಗೆಗೆ ಹಾಕಿದ್ದು ಗಂಟಲಿಗೆ ಇಳೀಬಾರ್ದವ್ವ. ಬಂಗಾರಮ್ಮಗೆ ಆಗದೇ ಇದ್ದದ್ದು ಇವಳಿಗೇನು? ಮನಸ್ಸು ಗಟ್ಟಿ ಮಾಡ್ಕಬೇಕು ಅಷ್ಟೇ."

ಅತ್ತೆಯನ್ನು ಕೇಳಿದರೆ ಅವರೂ, "ಕೊಟ್ಟಾಗೈತೆ ಮೇಘಾ, ಬಿಡು" ಎಂದರು, ಹಲ್ಲು ಕಟಕಟಿಸುತ್ತಾ.

ಮಾರನೆಯ ಮಧ್ಯಾಹ್ನ ಮಗು ಅವರ ಮಡಿಲಲ್ಲಿತ್ತು. ನಾನು ಬಟ್ಟೆ ಮಡಚುತ್ತಿದ್ದೆ. ಇದ್ದಕ್ಕಿದ್ದಂತೆ, "ಕೂಸಿನ ತಗಳೇ! ಬೇಗ ತಗ, ಕೈ ನಂದಲ್ಲ" ಎಂದರು. ಹಾರಿ ಹೋಗಿ ಮಗುವನ್ನು ಎತ್ತಿಕೊಂಡೆ. ಅತ್ತೆ ಹಿಂದಕ್ಕೆ ಬಿದ್ದರು. ಕಣ್ಣು ಮೇಲಾಗಿ, ಕೈಕಾಲು ಸೆಟೆದು, ಇಡೀ ಮೈ ಕುಲುಕಿತು. ಅವರ ಪ್ರಜ್ಞೆಯ ಕೊನೆಯ ಚೂರು ನನ್ನ ಮಗುವನ್ನು ಉಳಿಸುವುದಕ್ಕೆ ಹೋಯಿತು. ಇದಕ್ಕೆ ಮನಸ್ಸು ಗಟ್ಟಿ ಇಲ್ಲ ಅನ್ನುತ್ತಾರಾ? ಎಷ್ಟು ಗಟ್ಟಿ ಬೇಕು ಇವರಿಗೆ?

ನನ್ನ ಕೂಗಿಗೆ ಮೊದಲು ಬಂದದ್ದು ಬಂಗಾರಮ್ಮ. ಗೊಬ್ಬರದಂಗಡಿಯ ವ್ಯಾನಿನಲ್ಲೇ ಹೊನ್ನಾಳಿಗೆ ಹೋದೆವು. ಅಲ್ಲಿನ ಲೇಡಿ ಡಾಕ್ಟರು ಸೂಜಿ ಕೊಟ್ಟು ಸೆಳೆತ ನಿಂತ ಮೇಲೆ ಎಲ್ಲ ವಿಚಾರಿಸಿದರು. ಜೋಳಿಗೆಯ ಮಾತು ಬಂದಾಗ ಪೆನ್ನು ಕೆಳಗಿಟ್ಟರು.

"ಇದು ಚಟ ಅಲ್ಲ ರೀ. ಬರೆದುಕೊಟ್ಟ ಔಷಧಿಗೆ ಮೈ ಒಗ್ಗಿಹೋಗಿದೆ. ಒಗ್ಗಿದ ಮೈಯಿಂದ ಒಂದೇ ದಿನಕ್ಕೆ ಕಿತ್ತರೆ ಫಿಟ್ಸ್ ಬರುತ್ತೆ, ಜೀವಾನೂ ಹೋಗಬಹುದು."

ಮಾವ ಬಿಡಲಿಲ್ಲ. "ಇದೇ ಗುಳಿಗೆ ನಮ್ಮ ಪಕ್ಕದ ಮನೆಯವರೂ ಬಿಟ್ರಲ್ಲ ಮೇಡಂ, ಅವರಿಗೇನೂ ಆಗ್ಲಿಲ್ಲ."

"ಅವರ ಅದೃಷ್ಟ. ಎಷ್ಟು ತಗೊಂಡ್ರು, ವಯಸ್ಸೆಷ್ಟು, ಲಿವರ್ ಹೇಗಿದೆ, ಬೇರೇನು ಕಾಯಿಲೆ ಇದೆ, ಹುಟ್ಟಿನಿಂದ ಬಂದ ಮೈಗುಣ ಏನು, ಎಲ್ಲಾ ಸೇರುತ್ತೆ. ಕೆಲವರಿಗೆ ಪ್ರಮಾಣ ಏರಿಸದೆ ನಿದ್ದೆ ಬರಲ್ಲ, ಕೆಲವರಿಗೆ ಅಷ್ಟರಲ್ಲೇ ಬರುತ್ತೆ. ಯಾರು ಸುಲಭಕ್ಕೆ ಬಿಡ್ತಾರೆ, ಯಾರು ಒದ್ದಾಡ್ತಾರೆ ಅಂತ ಮುಖ ನೋಡಿ ಹೇಳೋಕೆ ನನಗೂ ಆಗಲ್ಲ. ಅದಕ್ಕೇ ಎಲ್ಲರಿಗೂ ನಿಧಾನ ಅನ್ನೋದು."

ಗುಳಿಗೆ ಬದಲಾಯಿತು. ಸಂಜೆಯ ಹೊತ್ತಿಗೆ ತಪ್ಪಿಸದೆ ತೆಗೆದುಕೊಳ್ಳಬೇಕು, ಡಾಕ್ಟರು ಹೇಳಿದಾಗ ಮಾತ್ರ ಚೂರು ಚೂರು ಇಳಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅತ್ತೆಯ ನಡುಕ ತಗ್ಗಿತು. ಮನೆಯಲ್ಲಿ ಮತ್ತೆ ಬೈಗುಳ ಕೇಳತೊಡಗಿತು. ನನಗೆ ಸಮಾಧಾನ.

ಅಷ್ಟರಲ್ಲಿ ಸಮಾರಂಭದ ಸುದ್ದಿ ಬಂತು. ಜೋಳಿಗೆಗೆ ಹಾಕಿ ಚಟ ಗೆದ್ದವರಿಗೆ ಸಮುದಾಯ ಭವನದಲ್ಲಿ ಶಾಲು ಹೊದಿಸಿ ಸನ್ಮಾನ. ಹೆಸರು ಬರೆಸುವಾಗ ಮಾವ ಅತ್ತೆಯ ಹೆಸರನ್ನೂ ಬರೆಸಿದ್ದರು. ಆಸ್ಪತ್ರೆಯ ವಿಷಯ ಯಾರಿಗೂ ಹೇಳಬೇಡಿ, ಜ್ವರ ಬಂದಿತ್ತು ಅನ್ನಿ ಎಂದು ನಮಗೆಲ್ಲ ತಾಕೀತು. ಆಮೇಲೆ ಅತ್ತೆಗೆ, ತುಸು ಮೆತ್ತಗೆ: "ಅವತ್ತೊಂದಿನ ಗುಳಿಗೆ ಬಿಡು. ಶಾಲು ಹೊದ್ದು ಬಂದ್ಮೇಲೆ ನಿನ್ನಿಷ್ಟ."

ಚನ್ನಗಿರಿಯಲ್ಲಿ ಕೆಲಸದಲ್ಲಿರುವ ನನ್ನ ಗಂಡ ರೇಣುಕಪ್ರಸಾದ್‌ಗೆ ಫೋನು ಮಾಡಿದೆ. "ಒಂದಿನಕ್ಕೆ ಏನಾಗ್ತದೆ ಮೇಘಾ, ಎಲ್ಲದಕ್ಕೂ ಹೆದರ್ತೀಯ ನೀನು" ಎಂದರು. ಹೌದು, ಹೆದರುತ್ತೇನೆ. ಈ ಮನೆಯಲ್ಲಿ ಹೆದರಬೇಕಾದ್ದಕ್ಕೆ ಹೆದರುವವಳು ನಾನೊಬ್ಬಳೇ. ಅತ್ತೆ ಮಾತ್ರ ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲಿಲ್ಲ. ಮತ್ತೆ ಬಿಟ್ಟು ಮತ್ತೆ ಬಿದ್ದರೆ ಏಳುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ಅವರ ಕೈಯನ್ನೇ ನೋಡುತ್ತಾ ದಿನ ಕಳೆದೆ.

ಸಮಾರಂಭದ ಬೆಳಿಗ್ಗೆ ಬಂಗಾರಮ್ಮ ಬಂದರು. "ಅನ್ನಪೂರ್ಣಿ, ನಂಗೂ ಶಾಲು, ನಿಂಗೂ ಶಾಲು. ಸೊಕ್ಕೆ ಗೆದ್ದಂಗೆ."

"ನೀನು ಗೆದ್ದೀಯ ಬಂಗಾರಿ. ನನ್ನ ಮೈ ನನ್ನ ಮಾತು ಕೇಳಲಿಲ್ಲ ನೋಡು."

"ಥೂ, ಗೆಲ್ಲೋದೇನು ಬಂತು? ನಾನೇನು ಮಾಡ್ದೆ? ಸುಮ್ನೆ ಮಲಗಿದ್ದೆ. ನೆನಪೈತೆ ಏನೇ, ನಿಮ್ಮಜ್ಜಿ ಇಬ್ಬರಿಗೂ ಒಂದೇ ಬಟ್ಟಲಲ್ಲಿ ಹರಳೆಣ್ಣೆ ಕುಡಿಸಿದ್ದು? ನಾನು ಹೊತ್ತು ಮುಳುಗೋತನಕ ಹೊಲಕ್ಕೆ ಓಡಿದ್ದೇ ಓಡಿದ್ದು. ನೀನು ನೆಳ್ಳಾಗೆ ಕುಂತು ಕಡ್ಲೆ ತಿಂತಿದ್ದೆ. ಅವತ್ಯಾರಾದ್ರೂ ನಂಗೆ ಮನಸ್ಸು ಗಟ್ಟಿ ಮಾಡ್ಕ ಅಂದ್ರಾ?"

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಎಷ್ಟೋ ದಿನಗಳ ಮೇಲೆ ಆ ನಗು. ನಕ್ಕು ಮುಗಿದ ಮೇಲೆ ಎದ್ದು ಹೋಗಿ ತಮ್ಮ ಹೊಲಿಗೆ ಪೆಟ್ಟಿಗೆಯಿಂದ ಏನನ್ನೋ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಸಂಜೆ ಭಾಷಣಗಳು ಮುಗಿಯಲೇ ಇಲ್ಲ. ಚಟ ಬಿಟ್ಟವರೆಲ್ಲ ವೇದಿಕೆಯ ಮೇಲೆ ಸಾಲಾಗಿ ಕೂತಿದ್ದರು, ಅತ್ತೆಯ ಪಕ್ಕ ಬಂಗಾರಮ್ಮ. ಮಾವ ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಸಂಚಿ. ಮಗುವನ್ನು ಹೆಗಲಿಗೆ ಹಾಕಿಕೊಂಡು ನಾನು ಕಂಬದ ಪಕ್ಕ. ಗುಳಿಗೆಯ ಹೊತ್ತು ಬಂತು, ದಾಟುತ್ತಿತ್ತು. ಯಾರೋ ಒಬ್ಬರು ಮೈಕಿನಲ್ಲಿ, "ಮನಸ್ಸಿದ್ದರೆ ಮಾರ್ಗ. ಈ ತಾಯಂದಿರನ್ನು ನೋಡಿ" ಎನ್ನುತ್ತಿದ್ದರು.

ಅತ್ತೆ ಸೊಂಟದಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಮೈಕಿನವರು ಅರ್ಧಕ್ಕೆ ನಿಂತರು. ಮಾವ ಕೂತಲ್ಲಿಂದಲೇ ಕೈಸನ್ನೆ ಮಾಡಿದರು, ಬೇಡ, ಬೇಡ. ಅತ್ತೆಯ ಬೆರಳಿಗೆ ನೀರಿನ ಬಾಟಲಿಯ ಮುಚ್ಚಳ ತಿರುಗಲಿಲ್ಲ. ಬಂಗಾರಮ್ಮ ಕಿತ್ತುಕೊಂಡು, ತಿರುಗಿಸಿ, ಕೈಗೆ ಕೊಟ್ಟರು. ಅಷ್ಟು ಜನರ ಮುಂದೆ ಅತ್ತೆ ಗುಳಿಗೆ ನುಂಗಿದರು.

ವೇದಿಕೆಯ ಮೇಲಿದ್ದ ಸ್ವಾಮೀಜಿಯವರು ತಿರುಗಿ, "ಏನು ತಾಯಿ ಅದು?" ಎಂದರು.

"ಔಷಧಿ ಬುದ್ಧಿ. ಅವತ್ತು ಜೋಳಿಗೆಗೆ ಹಾಕಿದ್ದೂ ಔಷಧೀನೆ. ಬಿಟ್ಟು ಫಿಟ್ಸ್ ಬಂತು. ಈಗ ಡಾಕ್ಟರು ಚೂರು ಚೂರು ಬಿಡಿಸ್ತಾ ಅದಾರೆ. ನಂಗೆ ಶಾಲು ಬ್ಯಾಡ್ರಿ."

"ಔಷಧೀನ ಜೋಳಿಗೆಗೆ ಹಾಕು ಅಂತ ಯಾರು ತಾಯಿ ಅಂದಿದ್ದು?"

ಅತ್ತೆ ಖಾಲಿ ಪೊಟ್ಟಣ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಂಗಾರಮ್ಮ ಸುಮ್ಮನಿರುವವರಲ್ಲ. "ಅಂದೋರು ಮುಂದೇನೆ ಕುಂತಾರೆ ಬುದ್ಧಿ, ಸಂಚಿ ಇಟ್ಕಂಡು." ಸಭೆಯಲ್ಲಿ ನಗು ಎದ್ದಿತು. ಮಾವನ ಕೈ ಸಂಚಿಯ ಮೇಲಿತ್ತು. ತೆಗೆಯಲೂ ಆಗದೆ ಇಡಲೂ ಆಗದೆ ಅಲ್ಲೇ ಉಳಿಯಿತು.

ಮರುದಿನ ಓಣಿಯಲ್ಲಿ, "ಸ್ಟೇಜ್ ಮ್ಯಾಲೇ ನುಂಗಿದ್ಲಂತೆ" ಎಂಬುದೇ ಮಾತು. ಆಡಿಕೊಳ್ಳಲಿ. ಯಾರೊಬ್ಬರೂ ಬಂದು ತಪ್ಪಾಯಿತು ಎನ್ನಲಿಲ್ಲ, ಔಷಧಿ ಅಂಗಡಿಯವನು ಈಗಲೂ ಹಾಳೆ ನೋಡಿ ಹಾಳೆ ಕೊಡುತ್ತಿದ್ದಾನೆ, ಮಾವ ತಂಬಾಕು ಬಿಟ್ಟಿಲ್ಲ. ನನ್ನ ಸಿಟ್ಟು ಇಳಿದಿಲ್ಲ.

ಆದರೆ ಅತ್ತೆ ಈಗ ಮುಚ್ಚಿಡುವುದಿಲ್ಲ. ಡಾಕ್ಟರು ಪ್ರಮಾಣ ಇಳಿಸಿದಾಗಲೆಲ್ಲ ಪಡಸಾಲೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: "ಇವತ್ತಿಂದ ಒಂದು ಚೂರು ಕಮ್ಮಿ. ಒಂದೆರಡು ದಿನ ನನ್ನ ತಡ್ಕಬೇಕು ನೀವು." ಬಂಗಾರಮ್ಮ ಆ ದಿನಗಳಲ್ಲಿ ನಮ್ಮ ಚಟ್ನಿಯನ್ನೂ ತಮ್ಮ ಮನೆಯಲ್ಲೇ ರುಬ್ಬಿ ತರುತ್ತಾರೆ. ಕಳೆದ ಬಾರಿ ಹೀಗೆ ಹೇಳಿದ ದಿನ ಟಿವಿ ಜೋರಾಗಿ ಓಡುತ್ತಿತ್ತು. ಅತ್ತೆ ಕಿವಿ ಮುಚ್ಚಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಮಾವ, ಏನೋ ಗೊಣಗುತ್ತಾ, ತಾವೇ ಎದ್ದು ಹೋಗಿ ಅದನ್ನು ಆರಿಸಿದರು.