ಬಂದ್ ಆಗಿದ್ದ ಹೆಡ್‌ಫೋನಿನ್ಯಾಗ ನೀಲಕ್ಕ

ಇಂಥಾ ಕಥಿ ಯಾರರ ಸುರು ಮಾಡಿದ್ರ ನಡುವ ಎದ್ದು ಚಾ ಕುಡಿಯಾಕ ಹೋಗೂ ಮನಷ್ಯಾ ನಾನು. ನಮ್ಮ ಧಾರವಾಡದಾಗ ಇಂಥಾವಕ್ಕೇನ ಬರಗಾಲ ಇಲ್ಲ. ಯಾವುದೋ ಹಳೇ ಬಂಗಲೆದಾಗ ಪಿಯಾನೋ ತಾನ ಬಾರಿಸತೈತಿ ಅಂತಾರ, ಯಾರದೋ ಮನ್ಯಾಗ ತಂಬೂರಿ ತಂತಿ ಮುಟ್ಟದನ ಮಿಡಿತೈತಿ ಅಂತಾರ. "ಇಲಿ ಓಡ್ಯಾಡಿರಬೇಕ ಬಿಡ್ರಿ" ಅಂತ ಅಂದು ಎಷ್ಟೋ ಮಂದಿಗೆ ಸಿಟ್ಟು ತರಿಸೇನಿ. ಅಂಥಾ ನಾನ ಈಗ ಒಂದು ಹೇಳಾಕ ಕುಂತೇನಿ. ನಗೂದಿದ್ರ ನಗ್ರಿ, ನಡುವ ಎದ್ದು ಮಾತ್ರ ಹೋಗಬ್ಯಾಡ್ರಿ.

ನಾನು ಗಿಟಾರ ಬಾರಿಸಾಂವ. ನಮ್ಮಪ್ಪ ಮಿಶನ್ ಚರ್ಚಿನ್ಯಾಗ ಹಾಡು ಕಲಸೂ ಮಾಸ್ತರ ಇದ್ದ, ಹಂಗಾಗಿ ಸಣ್ಣಾಂವ ಇದ್ದಾಗಿಂದ ತಂತಿ ಕೈಗೆ ಹತ್ತಿದ್ವು. ಮುಂದ ಹೊಟ್ಟಿಪಾಡಿಗೆ ಹುಬ್ಬಳ್ಳಿ ಸ್ಟುಡಿಯೋಗಳಿಗೆ ಓಡ್ಯಾಡಾಕ ಹತ್ತಿದೆ. ಮುಂಜಾನಿ ಕ್ರಿಸ್ತಗೀತಿ, ಮಧ್ಯಾಹ್ನ ಭಜನಿ ಪದ, ಸಂಜೀಕ ತಾರಿಹಾಳದ ಯಾವುದೋ ಕಾರಖಾನೆದ ಜಾಹೀರಾತು. ಯಾರು ಕರದ್ರೂ ಹೋಗಾಂವ, ಏನು ಕೇಳಿದ್ರೂ ಬಾರಿಸಾಂವ. ಇದರ ನಡುವ ನನ್ನವ ಒಂದಿಷ್ಟು ಹಾಡಿಗೆ ರಾಗ ಕಟ್ಟೂದು, ಮನ್ಯಾಗ ಹುಡುಗರಿಗೆ ಕಲಸೂದು. ನನ್ನ ಹೆಸರು ಕೇಳಿದಾವ್ರು ಕಡಿಮಿ, ನನ್ನ ಗಿಟಾರ ಕೇಳಲಾರದಾವ್ರೂ ನಮ್ಮ ಕಡೆ ಕಡಿಮಿ. ಜಂಬ ಅಂದ್ರ ಜಂಬ ಅನ್ರಿ, ನಾ ಏನ ಬ್ಯಾಸರ ಮಾಡಿಕೊಳ್ಳಂಗಿಲ್ಲ.

ಕೆಲವು ವರ್ಷದ ಹಿಂದ ಬೈಪಾಸಿನ್ಯಾಗ ಗಾಡಿ ಜಾರಿ ಬಿದ್ದೆ. ಎಡಗೈ ಕಿರುಬೆರಳಿನ ನರ ಕತ್ತರಿಸಿ ಹೋತು. ಹೊಲದ್ರು, ಕಟ್ಟಿದ್ರು, ಗಾಯಾ ಮಾಯಿತು, ಬೆರಳು ಮಾತ್ರ ಅರ್ಧಕ್ಕ ಬಾಗಿ ನಿಂತುಬಿಡತಿತ್ತು. ಮುಂದಕ್ಕ ಚಾಚು ಅಂದ್ರ ಚಾಚವಲ್ಲದು. ಡಾಕ್ಟರು, "ಎಡಗೈ ಅಲ್ರೀ, ಅದೂ ಕಿರುಬೆರಳು. ನಿಮ್ಮ ನಸೀಬ ಛಲೋ ಐತಿ" ಅಂದ್ರು. ಸಿಟ್ಟು ನೆತ್ತಿಗೇರಿತು ನೋಡ್ರಿ! ಗಿಟಾರದಾಗ ಬಲಗೈ ತಂತಿ ಮೀಟತೈತಿ ಅಷ್ಟ, ಸುರ ಹಿಡಿಯೂದೆಲ್ಲಾ ಎಡಗೈ. ಕಿರುಬೆರಳು ಇಲ್ಲಂದ್ರ ಅರ್ಧಾ ಸಂಗೀತ ಇಲ್ಲ. ಮನಿಗೆ ಬಂದು ಬಿಸಿನೀರಾಗ ಕೈ ಅದ್ದಿಕೊಂಡು ಕುಂತೆ.

ಹಂಗ ದಿನಾ ಕುಂತೆ. ಎಣ್ಣಿ ತಿಕ್ಕೂದು, ಬೆರಳು ಎಳಿಯೂದು, ತಂತಿ ಮ್ಯಾಲೆ ಇಡೂದು, ಅದು ಜಾರೂದು, ಮತ್ತ ಇಡೂದು. "ಬೆರಳೂ ನಿಮ್ಮಂಗ ಹಟಮಾರಿ ಆಗೇತಿ, ಯಾರು ಸೋಲತೀರಿ ನೋಡೋಣು" ಅಂತ ಹೆಂಡತಿ ಚ್ಯಾಷ್ಟಿ ಮಾಡತಿದ್ಲು. ನಗತಿದ್ದೆ ಖರೇ, ಆದ್ರ ಒಳಗ ಅಂಜಿಕಿ ಹೊಕ್ಕಿತ್ತು. ಸ್ಟುಡಿಯೋದವರ ಫೋನ್ ಬರೂದು ನಿಂತಿತ್ತು. "ಪಾಪ, ಮಾಸ್ತರ ಕೈ ಹೋತಂತ" ಅನ್ನೂ ಮಾತು ಹುಬ್ಬಳ್ಳಿ ಪೂರ್ತಿ ತಿರಗ್ಯಾಡಿತ್ತು. ನಮ್ಮ ಧಂದೆದಾಗ ಒಮ್ಮೆ ಹಿಂಗ ಅಂದ್ರಪಾ ಅಂದ್ರ ಮುಗೀತು, ಮತ್ತ ಯಾರೂ ಕರಿಯಂಗಿಲ್ಲ.

ಅಂಥಾದ್ರಾಗ ಪ್ರಕಾಶ ಕರದ. ಹುಬ್ಬಳ್ಳ್ಯಾಗ ಅವನದೊಂದು ಸಣ್ಣ ಸ್ಟುಡಿಯೋ, ನನ್ನ ಹಳೇ ದೋಸ್ತ. ಸುಳ್ಳ ಅನ್ನೂ ಊರಾಗ ನೀಲಕ್ಕ ಅಂತ ಒಬ್ಬಾಕಿ ಭಜನಿ ಹಾಡತಾಳ, ಆಕಿ ಪದಗಳ ಆಲ್ಬಮ್ ಮಾಡಾಕತ್ತಿದ್ದ. ಅದರಾಗ ಒಂದು ಪದಕ್ಕ ರಾಗ ಕಟ್ಟಿದಾಂವ ನಾನ, ಬೀಳೂಕಿಂತ ಮೊದಲ. ಪಲ್ಲವಿ ಮುಗದಿಂದ ನುಡಿ ಸುರು ಆಗೂ ಮುಂಚೆ ಅಲ್ಲೊಂದು ಗಿಟಾರದ ತುಣುಕು ಬರತೈತಿ. ಕೆಳಗಿನ ತಂತಿ ಬಿಡದ ಮ್ಯಾಲಿನ ಸುರಕ್ಕ ಕಿರುಬೆರಳು ಪೂರಾ ಚಾಚಬೇಕು. ಇಡೀ ಹಾಡಿನ ಜೀವ ಅಲ್ಲಿ ಐತಿ.

ಪ್ರಕಾಶ ಮನಸಿನ್ಯಾಗ ಇದ್ದದ್ದು ಬಿಚ್ಚಿ ಹೇಳಿದ. "ಸರ್ರ, ಸಂಜಿತನಾ ನೋಡೋಣು. ಆಗಲಿಲ್ಲಂದ್ರ ಕೀಬೋರ್ಡಿನ್ಯಾಗ ಗಿಟಾರದ ದನಿ ಐತಿ, ಅದನ್ನ ಹಾಕಿಬಿಡತೇನಿ. ಯಾರಿಗೂ ಗೊತ್ತಾಗಂಗಿಲ್ಲ."

"ನನಗ ಗೊತ್ತಾಗತೈತಿ" ಅಂದೆ.

"ಇಲ್ಲಾ ಆ ಒಂದು ಸುರ ಬಿಟ್ಟು ಬಾರಸ್ರಿ."

"ಹೋಳಿಗಿ ಮಾಡು, ಹೂರಣ ಬಿಡು ಅಂದಂಗ ಆತಲ್ಲೋ!"

ಅಂವ ನಕ್ಕ. ನಾನು ನಗಲಿಲ್ಲ. ಇವತ್ತು ಇದು ಆಗಲಿಲ್ಲಂದ್ರ ನಾನು ಬಾರಿಸಾಂವ ಅಲ್ಲ, ಒಂದಾನೊಂದು ಕಾಲಕ್ಕ ಬಾರಸ್ತಿದ್ದಾಂವ. ಅಷ್ಟು ಸ್ಪಷ್ಟ ಇತ್ತು.

ಇಲ್ಲಿ ನಮ್ಮ ಕೆಲಸದ ರೀತಿ ಚೂರು ಹೇಳಬೇಕು. ಮೊದಲ ಹಾಡಾವ್ರು ಬರೇ ತಂಬೂರಿ ಮ್ಯಾಲೆ ಒಂದು ಕಚ್ಚಾ ಹಾಡು ಹಾಡಿ ಹೋಗತಾರ. ಆಮ್ಯಾಲೆ ನಾನು ಗಾಜಿನ ಆಚೀಕಿನ ಖೋಲ್ಯಾಗ ಒಬ್ಬನ ಕುಂತು, ಆ ಹಾಡು ಹೆಡ್‌ಫೋನಿನ್ಯಾಗ ಕೇಳಕೋತ ಬಾರಸತೇನಿ. ಎಲ್ಲಾರೂ ಟಿಕ್ ಟಿಕ್ ತಾಳ ಇಟಗೊಂಡು ಹಾಡತಾರ, ಆಗ ಲಯ ಹೆಚ್ಚುಕಡಿಮಿ ಆಗಂಗಿಲ್ಲ. ನೀಲಕ್ಕ ಮಾತ್ರ, "ಆ ಟಿಕ್ ಟಿಕ್ ತಗೀರಿ, ಗಡಿಯಾರದ ಮುಂದ ಭಜನಿ ಹೆಂಗ ಹಾಡೂದು?" ಅಂದಿದ್ಲು. ಭಜನ್ಯಾಗ ಹಾಡು ಏರಕೋತ ಹೋಗತೈತಿ. ಮನಸ್ಸು ತುಂಬಿದ ಕಡೆ ನಿಲ್ಲತಾರ, ಬೇಕನಿಸಿದ ಸಾಲು ಮತ್ತ ಹಾಡತಾರ. ಅದನ್ನ ಬಾಯಿಪಾಠ ಮಾಡಾಕ ಬರಂಗಿಲ್ಲ, ಕೇಳಕೋತನ ಹೋಗಬೇಕು. ಅದೂ ನೀಲಕ್ಕ ಅವತ್ತು ಮುಂಜಾನಿ ಬಂದು, ಹಿಂದಿಂದು ಸೇರಲಿಲ್ಲ ಅಂತ ಹೊಸದಾಗಿ ಹಾಡಿ ಊರಿಗೆ ಹೋಗಿದ್ಲು. ಆ ಹೊಸಾದನ್ನ ನಾನು ಕೇಳಿರಲಿಲ್ಲ.

ಮಧ್ಯಾಹ್ನದಿಂದ ಬಾರಿಸಿದೆ. ಪಲ್ಲವಿ ಬರೋಬ್ಬರಿ ಹೋಗೂದು, ಆ ತುಣುಕಿಗೆ ಬಂದಕೂಡಲೆ ಬೆರಳು ಕೈಕೊಡೂದು. ನಿಲ್ಲಸೂದು, ಮತ್ತ ಮೊದಲಿಂದ. ಮತ್ತ ಅಲ್ಲೇ ನಿಲ್ಲೂದು. ಅಂದ್ರ ಪಲ್ಲವಿ ಆಚೆ ನೀಲಕ್ಕ ಏನು ಹಾಡ್ಯಾಳ ಅನ್ನೂದು ಒಮ್ಮೆನೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಇದನ್ನ ನೆನಪಿಡ್ರಿ, ಯಾಕಂದ್ರ ನೀವು ಮುಂದ ಕೇಳೂ ಪ್ರಶ್ನೆ ಇದ ಇರತೈತಿ.

ಅವತ್ತು ಅಮಾಸಿ. ಆಹಾ, ಅಮಾಸಿ ಬಂತು ನೋಡು ಕಥ್ಯಾಗ ಅಂತ ನಗಬ್ಯಾಡ್ರಿ! ಹುಬ್ಬಳ್ಳ್ಯಾಗ ಪ್ರತಿ ಅಮಾಸಿಗೆ ಅಂಗಡಿ ಪೂಜಾ ಇರತೈತಿ. ಪ್ರಕಾಶನೂ ಕಾಯಿ ಒಡದು, ದೇವರ ಫೋಟೋಕ್ಕ ಮಿಣಮಿಣ ಲೈಟಿನ ಸರ ಹಾಕಿದ್ದ. ಪೂಜಾದ ದಿನ ದೇವರ ಮುಂದ ಕತ್ತಲಾಗಬಾರದಂತ, ಅದರ ಪಿನ್ನು ಕರೆಂಟ್ ಹೋದ್ರೂ ನಡಿಯೂ ಬ್ಯಾಟರಿ ಲೈನಿಗೆ ಚುಚ್ಚಿದ್ದ. ಆ ಜಾಗಾದಾಗ ಇದ್ದದ್ದು ನನ್ನ ಹೆಡ್‌ಫೋನಿಗೆ ಆವಾಜು ಕೊಡೂ ಡಬ್ಬಿ. ಅದನ್ನ ಕಿತ್ತು ಸಾದಾ ಲೈನಿಗೆ ಹಾಕಿ ಮರತಿದ್ದ ಪುಣ್ಯಾತ್ಮ.

ಹೊತ್ತು ಇಳಿಯಾಕ ಬಂದಿತ್ತು. ಪ್ರಕಾಶ ಗಾಜಿನಾಚೆಯಿಂದ ಇದ ಕಡೀದು ಅನ್ನೂಹಂಗ ಒಂದು ಬೆರಳು ಎತ್ತಿ ತೋರಿಸಿದ. ನಾನು ಕಣ್ಣು ಮುಚ್ಚಿದೆ. "ಬಾ, ಇವತ್ತು ನೀನರ ಇರಬೇಕು ಇಲ್ಲಾ ನಾನರ ಇರಬೇಕು" ಅಂತ ನನ್ನ ಬೆರಳಿಗೆ ಹೇಳಿದೆ. ಪಲ್ಲವಿ ಹೋತು. ಆ ತುಣುಕು ಬಂತು. ಕಿರುಬೆರಳು ಚಾಚಿತು, ತನ್ನ ಜಾಗಾದಾಗ ಕುಂತಿತು, ಸುರ ಗಂಟಿ ಬಾರಿಸಿದಂಗ ಹೊಂಟಿತು. ನೋವಿಲ್ಲ, ಏನಿಲ್ಲ. ನನಗ ಅಳು ಬಂದಂಗಾತು, ಆದ್ರ ಬಾರಿಸೂದು ಬಿಡಲಿಲ್ಲ. ನೀಲಕ್ಕ ಮುಂದ ನಡದ್ಲು, ನಾನು ಆಕಿ ಹಿಂದ ನಡದೆ. ಆಕಿ ನಿಂತಲ್ಲೆ ನಿಂತೆ, ಓಡಿದಲ್ಲೆ ಓಡಿದೆ. ಕಡೀ ನುಡ್ಯಾಗ ಆಕಿ ಒಂದು ಸಾಲು ತಿರುಗಿ ಹಾಡಿದ್ಲು, ನಾನೂ ತಿರುಗಿ ಹಿಡದೆ. ಹಾಡು ಮುಗೀತು. ತಂಬೂರಿ ಇನ್ನೂ ನಡದಿರೂವಾಗನ ನೀಲಕ್ಕ ಕೆಮ್ಮಿ, "ತಮ್ಮಾ, ಚೂರು ನೀರು ಕೊಡೋ" ಅಂದದ್ದೂ ಕೇಳಿಸಿತು. ನಕ್ಕು ಕಣ್ಣು ತಗದೆ.

ಖೋಲಿ ಕತ್ತಲ ಇತ್ತು. ಗಾಜಿನಾಚೆ ದೇವರ ಲೈಟಷ್ಟ ಮಿಣಮಿಣ ಅನ್ನಾಕತ್ತಿತ್ತು, ಪ್ರಕಾಶ ಎದ್ದು ನಿಂತು ಎರಡೂ ಕೈ ಬೀಸಾಕತ್ತಿದ್ದ.

ಹೊರಗ ಬಂದೆ. "ಏನೋ, ಕಡೀಕ ಆಕಿ ನೀರು ಕೇಳಿದ್ದು ಹಂಗ ಬಿಟ್ಟಿಯಲ್ಲ, ಕಟ್ ಮಾಡಬಾರದೇನ?" ಅಂದೆ.

"ಯಾವ ನೀರು? ಸರ್ರ, ನೀವು ಆ ತುಣುಕಿಗೆ ಬರೂದಕ್ಕ ಕರೆಂಟ್ ಹೋತು. ನಿಮ್ಮ ಡಬ್ಬಿ ಬಂದ್ ಆಗೇತಿ. ಸ್ಪೀಕರ್ ಬಂದ್, ನನಗೂ ಹಾಡು ಕೇಳವಲ್ಲದು. ಕಂಪ್ಯೂಟರ್ ಒಂದ ಬ್ಯಾಟರಿ ಮ್ಯಾಲೆ ನಡದೈತಿ, ನಿಮ್ಮ ಗಿಟಾರ ಅದರಾಗ ರೆಕಾರ್ಡ್ ಆಗೇತಿ. ನಿಲ್ಲಸ್ರಿ ಅಂತ ಆವಾಗಿಂದ ಕೈ ಮಾಡಾಕತ್ತೇನಿ, ನೀವು ಏನು ಕೇಳಿ ಬಾರಸ್ತಿದ್ರಿ?"

ಕರೆಂಟ್ ಬಂದಮ್ಯಾಲೆ ಹಾಡು, ಗಿಟಾರ ಎರಡೂ ಕೂಡಿಸಿ ಹಚ್ಚಿದ. ಒಂದು ಕಡೆನೂ ತಪ್ಪಿಲ್ಲ. ಆಕಿ ಉಸರು ತಗೊಂಡಲ್ಲೆ ಗಿಟಾರ ಕಾದೈತಿ. ತಿರುಗಿ ಹಾಡಿದ ಸಾಲು ತಿರುಗಿ ಬಂದೈತಿ. ಹಾಡು ಮುಗದು ಬರೇ ತಂಬೂರಿ ಉಳೀತು. ನೀಲಕ್ಕ ಕೆಮ್ಮಿದ್ಲು. "ತಮ್ಮಾ, ಚೂರು ನೀರು ಕೊಡೋ." ಪ್ರಕಾಶ ಕುರ್ಚಿ ಬಿಟ್ಟು ಎದ್ದು ಹೊರಗ ಹೋದ.

ಮುಂದ ನಾನು ಸುಮ್ಮನ ಕುಂದ್ರಲಿಲ್ಲ. ಡಬ್ಬಿ ಬಿಚ್ಚಿಸಿ ನೋಡಿದೆ, ಅದರಾಗ ಬ್ಯಾಟರಿ ಗೀಟರಿ ಏನೂ ಇಲ್ಲ. ಪಿನ್ನು ಕಿತ್ತು ಹೆಡ್‌ಫೋನು ಹಾಕೊಂಡೆ, ನನ್ನ ಉಸರು ಬಿಟ್ರ ಏನೂ ಕೇಳಲಿಲ್ಲ. ನೀಲಕ್ಕಗ ಹೇಳಿದೆ. ಆಕಿ ಚೂರೂ ದಂಗಾಗಲಿಲ್ಲ. "ನಾ ಹಾಡಿದೆ, ನೀವು ಕೇಳಿದ್ರಿ ಮಾಸ್ತರ. ಇದರಾಗ ಏನೈತ್ರಿ?" ಅಂದು ರೊಟ್ಟಿ ಬಡಿಯಾಕ ಒಳಗ ಹೋದ್ಲು. ಏನೈತಿ ಅನ್ನೂದು ಗೊತ್ತಾಗಿದ್ರ ನಾ ಯಾಕ ಸುಳ್ಳದ ತನಕ ಹೋಗತಿದ್ದೆ?

ಆಲ್ಬಮ್ ಹೊರಗ ಬಂತು. "ಮಾಸ್ತರ ಕೈ ಬಂತಂತ" ಅಂತ ಮಂದಿ ಮತ್ತ ಫೋನ್ ಮಾಡಾಕ ಹತ್ತಿದ್ರು. ಖರೇ ಹೇಳತೇನಿ, ಕೈ ಬಂದಿರಲಿಲ್ಲ. ಮರುದಿನಾನ ಆ ತುಣುಕು ಬಾರಿಸಾಕ ನೋಡಿದೆ, ಬೆರಳು ಅರ್ಧಕ್ಕ ನಿಂತಿತು. ಅವತ್ತಿಂದ ಇವತ್ತಿನತನಕ ಒಮ್ಮೆನೂ ಚಾಚಿಲ್ಲ. ಉಳದದ್ದೆಲ್ಲಾ ಮೂರು ಬೆರಳಿನ್ಯಾಗ ಹೊಸದಾಗಿ ಕೂಡಿಸಿಕೊಂಡು ಕಲ್ತೆ, ಅದರ ಮ್ಯಾಲೆ ಹೊಟ್ಟಿ ನಡದೈತಿ. ಆ ಒಂದು ತುಣುಕು ಮಾತ್ರ ಮೂರರಾಗ ಆಗೂದಲ್ಲ.

ಮೊನ್ನೆ ನನ್ನ ಹತ್ರ ಕಲಿಯೂ ಹುಡುಗಿ ಆ ಹಾಡು ಫೋನಿನ್ಯಾಗ ಹಚಗೊಂಡು ಬಂದ್ಲು. "ಸರ್, ಇಲ್ಲಿ ನೀವು ಬೆರಳು ಹೆಂಗ ಇಟ್ಟೀರಿ? ಬಾರಿಸಿ ತೋರಸ್ರಿ" ಅಂದ್ಲು. ಗಿಟಾರ ತಗೊಂಡೆ. ಬೆರಳು ಹೊಂಟಿತು, ನಡುವ ನಿಂತಿತು. ಮತ್ತ ಹೊಂಡಿಸಿದೆ, ಮತ್ತ ನಿಂತಿತು. ಹುಡುಗಿ ನನ್ನ ಮಾರಿ ನೋಡಿದ್ಲು, ಫೋನ್ ನೋಡಿದ್ಲು. ಅದರಾಗ ಬಾರಿಸಾಂವ ನಾನ.

"ತಡಿಯವಾ" ಅಂದೆ. "ಅದನ್ನ ನಾನೂ ಇನ್ನೂ ಕಲಿಯಾಕತ್ತೇನಿ."